ಬೆಲೆಯ ಲೆಕ್ಕವೂ ಬಡ್ಡಿಯ ನಿರ್ಣಯವೂ

ಎಲ್ಲ ಸರಕಿಗೂ ಒಂದು ಬೆಲೆಯಿರುವಂತೆ ಹಣಕ್ಕೂ ಒಂದು ಬೆಲೆಯುಂಟು. ಅದಕ್ಕೆ ಬಡ್ಡಿಯೆಂದು ಹೆಸರು. ಉಳಿದ ಸರಕುಗಳ ಬೆಲೆಯನ್ನು ಕೊಳ್ಳುವವರೂ ಮಾರುವವರೂ ಪೇಟೆಯಲ್ಲಿ ಕೂಡಿ ಗೊತ್ತುಮಾಡುತ್ತಾರೆ. ಹಣದ ಬೆಲೆಯಾದರೋ ಬಹುಮಟ್ಟಿಗೆ ರಿಸರ್ವ್ ಬ್ಯಾಂಕಿನ ಆರು ಜನರ ಸಮಿತಿಯೊಂದರ ಮತದಿಂದ, ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ, ಮುಂಬಯಿಯಲ್ಲಿ ಗೊತ್ತಾಗುತ್ತದೆ. ಬ್ಯಾಂಕುಗಳು ಸರ್ಕಾರದ ಸಾಲಪತ್ರಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಅಲ್ಪಾವಧಿಗೆ ಹಣ ಪಡೆಯುವಾಗ ತೆರಬೇಕಾದ ಈ ಬಡ್ಡಿಗೆ ರೆಪೋ ದರವೆನ್ನುವರು. ೨೦೧೯ರ ಅಕ್ಟೋಬರಿನಿಂದ ಬ್ಯಾಂಕುಗಳು ಗೃಹಸ್ಥರಿಗೂ ಸಣ್ಣ ಉದ್ಯಮಗಳಿಗೂ ಬದಲಾಗುವ ಬಡ್ಡಿಯ ಮೇಲೆ ಕೊಡುವ ಹೊಸ ಸಾಲಗಳನ್ನು ರೆಪೋ ದರಕ್ಕೋ ಅಂಥದೇ ಬೇರೊಂದು ಬಾಹ್ಯ ದರಕ್ಕೋ ಜೋಡಿಸಬೇಕೆಂಬ ನಿಯಮ ಬಂದುದರಿಂದ, ಸಮಿತಿಯ ಮತವು ಮನೆಮನೆಯ ಲೆಕ್ಕದ ಪುಸ್ತಕವನ್ನು ಮುಟ್ಟುವಂತಾಯಿತು.

ಮುಟ್ಟುವ ಬಗೆಯನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ೨೦೨೨ರ ಮೇ ತಿಂಗಳಿನಿಂದ ೨೦೨೩ರ ಫೆಬ್ರವರಿಯೊಳಗೆ ರೆಪೋ ದರವು ಶೇಕಡಾ ೪ರಿಂದ ೬.೫೦ಕ್ಕೆ, ಅಂದರೆ ಎರಡೂವರೆ ಅಂಶ, ಏರಿತು. ಇಪ್ಪತ್ತು ವರ್ಷದ ಗೃಹಸಾಲವೊಂದರ ಬಡ್ಡಿ ಅಷ್ಟೇ ಏರಿ, ಶೇಕಡಾ ೬.೫ರಿಂದ ೯ ಆಯಿತೆಂದು ಭಾವಿಸಿದರೆ, ಲಕ್ಷ ರೂಪಾಯಿಗೆ ಸುಮಾರು ೭೪೬ ರೂಪಾಯಿಯಿದ್ದ ತಿಂಗಳ ಕಂತು ಸುಮಾರು ೯೦೦ ರೂಪಾಯಿಯಾಗುತ್ತದೆ. ಕಂತನ್ನು ಏರಿಸದಿದ್ದರೆ ಸಾಲದ ಅವಧಿ ಬೆಳೆಯುತ್ತದೆ. ಇದಕ್ಕೆ ಪ್ರತಿಯಾಗಿ, ಠೇವಣಿಯ ಬಡ್ಡಿಯಿಂದ ಜೀವನ ಸಾಗಿಸುವ ವೃದ್ಧರಿಗೆ ಬಡ್ಡಿಯ ಇಳಿಕೆಯೇ ಕಷ್ಟ. ಬೆಲೆಗಳು ವರ್ಷಕ್ಕೆ ಶೇಕಡಾ ೭ರಂತೆ ಏರುತ್ತಿರುವಾಗ ಠೇವಣಿಗೆ ಶೇಕಡಾ ೫ ಬಂದರೆ, ಬಂದುದು ಆದಾಯವಲ್ಲ. ಮೂಲಧನವೇ ಸವೆಯುತ್ತಿದೆಯೆಂದು ಅರ್ಥ. ಇಬ್ಬರ ಹಿತವೂ ಬೇರೆ ಬೇರೆ ದಿಕ್ಕಿನಲ್ಲಿರುವಾಗ ನಿರ್ಣಯವು ಯಾರ ಇಷ್ಟಾನಿಷ್ಟದ ಮೇಲೂ ನಿಲ್ಲದೆ ಯಾವುದಾದರೊಂದು ಅಳತೆಯ ಮೇಲೆ ನಿಲ್ಲಬೇಕಾಗುತ್ತದೆ. ಆ ಅಳತೆ ಯಾವುದು, ಅದನ್ನು ಪಡೆಯುವುದು ಹೇಗೆ, ಅದು ಎಷ್ಟರಮಟ್ಟಿಗೆ ನಂಬತಕ್ಕುದು ಎಂಬುದರ ವಿವೇಚನೆಯೇ ಪ್ರಕೃತ ಲೇಖನದ ಉದ್ದೇಶ.

೧. ಹಿಂದಿನ ಕ್ರಮ

ರಿಸರ್ವ್ ಬ್ಯಾಂಕು ೧೯೩೫ರ ಏಪ್ರಿಲ್ ೧ರಂದು ಕಾರ್ಯಾರಂಭ ಮಾಡಿತು. ಅದೇ ವರ್ಷದ ನವೆಂಬರಿನಲ್ಲಿ ಶೇಕಡಾ ೩ಕ್ಕೆ ಇಳಿದ ಬ್ಯಾಂಕ್ ದರವು ಮಹಾಯುದ್ಧ, ದೇಶವಿಭಜನೆಗಳೆರಡನ್ನೂ ದಾಟಿ ಹದಿನಾರು ವರ್ಷ ಅಲ್ಲಿಯೇ ನಿಂತಿತು. ಅದು ಮೊದಲ ಬಾರಿಗೆ ಏರಿದುದು ೧೯೫೧ರ ನವೆಂಬರಿನಲ್ಲಿ. ಕೊರಿಯಾ ಯುದ್ಧದಿಂದ ಸರಕುಗಳ ಬೆಲೆಯೂ ಬ್ಯಾಂಕುಗಳ ಸಾಲವೂ ಉಬ್ಬಿದ ಕಾಲ ಅದು. ದರವನ್ನು ೩.೫ಕ್ಕೆ ಏರಿಸಿದಾಗ ಗವರ್ನರಾಗಿದ್ದವರು ದಕ್ಷಿಣ ಕನ್ನಡ ಮೂಲದ ಬೆನೆಗಲ್ ಮನೆತನದ ರಾಮರಾಯರು. ಆಗ ಬ್ಯಾಂಕಿನ ಕೈಯಲ್ಲಿದ್ದ ಅಳತೆಗೋಲುಗಳು ಕೆಲವೇ. ಬ್ಯಾಂಕುಗಳ ಸಾಲ, ಠೇವಣಿ, ಚಲಾವಣೆಯ ನೋಟುಗಳ ಲೆಕ್ಕ ಅದರ ಸ್ವಂತದ್ದು. ಬೆಲೆಗಳಿಗಾದರೆ, ೧೯೩೯ರ ಆಗಸ್ಟನ್ನು ಆಧಾರವಾಗಿಟ್ಟುಕೊಂಡು ಆರ್ಥಿಕ ಸಲಹೆಗಾರರ ಕಚೇರಿಯು ೧೯೪೨ರಿಂದ ಸಿದ್ಧಪಡಿಸುತ್ತಿದ್ದ ಸಗಟು ಬೆಲೆಯ ಸೂಚ್ಯಂಕವೇ ಮುಖ್ಯ ಆಧಾರ.

ಅಂಕಿಗಳಿದ್ದರೂ ಅವುಗಳ ಮೇಲೆ ನಿರ್ಣಯ ಕೈಗೊಳ್ಳುವ ಅಧಿಕಾರ ಯಾರದೆಂಬುದು ಸ್ಪಷ್ಟವಾಗಿರಲಿಲ್ಲ. ೧೯೫೬ರ ಕೊನೆಯಲ್ಲಿ ಅರ್ಥಮಂತ್ರಿ ಟಿ. ಟಿ. ಕೃಷ್ಣಮಾಚಾರಿಯವರು ಹುಂಡಿಗಳ ಮೇಲಿನ ಮುದ್ರಾಂಕ ಶುಲ್ಕವನ್ನು ಏರಿಸಿದರು. ಅದರಿಂದ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಿಂದ ತರುವ ಸಾಲ ತುಟ್ಟಿಯಾಗಿ, ಬ್ಯಾಂಕ್ ದರವನ್ನೇ ಏರಿಸಿದ ಪರಿಣಾಮವಾಯಿತು. ಬಡ್ಡಿಯ ನಿರ್ಣಯವು ಬ್ಯಾಂಕಿನ ಕೈತಪ್ಪಿತೆಂದು ರಾಮರಾಯರು ಪ್ರತಿಭಟಿಸಿದರು. ಪ್ರಧಾನಿ ನೆಹರೂ ಅವರು ಮಂತ್ರಿಯ ಪಕ್ಷದಲ್ಲಿ ನಿಂತರು. ೧೯೫೭ರ ಜನವರಿಯಲ್ಲಿ ರಾಮರಾಯರು ಪದತ್ಯಾಗ ಮಾಡಿದರು. ಆ ವರ್ಷದ ಮೇ ತಿಂಗಳಲ್ಲಿ ಬ್ಯಾಂಕ್ ದರವು ವಿಧ್ಯುಕ್ತವಾಗಿಯೂ ಶೇಕಡಾ ೪ಕ್ಕೆ ಏರಿತು. ದರವು ೪ ಆಗಬೇಕೇ ಬೇಡವೇ ಎಂಬುದಕ್ಕಿಂತ, ಅದನ್ನು ಹೇಳಬೇಕಾದವರು ಯಾರು, ಯಾವ ಆಧಾರದ ಮೇಲೆ ಎಂಬುದೇ ಆ ವಿವಾದದ ತಿರುಳು. ಇದಕ್ಕೆ ಶಾಸನರೂಪದ ಉತ್ತರ ದೊರೆಯಲು ಅರುವತ್ತು ವರ್ಷ ಬೇಕಾಯಿತು.

೨. ಶಾಸನವು ಕೊಟ್ಟ ಅಳತೆ

೧೯೯೮ರಿಂದ ಮುಂದೆ ರಿಸರ್ವ್ ಬ್ಯಾಂಕು ಯಾವುದೊಂದು ಅಂಕಿಗೂ ಕಟ್ಟುಬೀಳದೆ ಬೆಲೆ, ಉತ್ಪನ್ನ, ಸಾಲ, ವಿದೇಶೀ ವಿನಿಮಯ ಮೊದಲಾದ ಅನೇಕ ಸೂಚಕಗಳನ್ನು ಒಟ್ಟಿಗೆ ನೋಡುವ ಕ್ರಮವನ್ನು ಅನುಸರಿಸಿತು. ಬೆಲೆಯ ಮಾತು ಬಂದಾಗ ಸಗಟು ಸೂಚ್ಯಂಕಕ್ಕೇ ಮೊದಲ ಮಣೆ. ಈ ಕ್ರಮದ ತೊಡಕು ೨೦೧೩ರಲ್ಲಿ ಎದ್ದು ಕಂಡಿತು. ಆ ನವೆಂಬರಿನಲ್ಲಿ, ಅಂದು ಪ್ರಕಟವಾದ ಅಂಕಿಗಳಂತೆ, ಸಗಟು ಬೆಲೆಗಳ ಏರಿಕೆ ಶೇಕಡಾ ೭.೫೨, ಗ್ರಾಹಕರು ತೆರುವ ಬೆಲೆಗಳ ಏರಿಕೆ ೧೧.೨೪. ಒಂದೇ ದೇಶ, ಒಂದೇ ತಿಂಗಳು, ಎರಡು ಸತ್ಯಗಳು! ಸಗಟು ಸೂಚ್ಯಂಕದಲ್ಲಿ ಮನೆಬಾಡಿಗೆಯಿಲ್ಲ, ಶಾಲೆಯ ಶುಲ್ಕವಿಲ್ಲ, ವೈದ್ಯರ ಶುಲ್ಕವಿಲ್ಲ. ಲೋಹಗಳೂ ರಾಸಾಯನಿಕಗಳೂ ಹೇರಳವಾಗಿವೆ. ಅದು ಕಾರ್ಖಾನೆಯ ಬಾಗಿಲಿನ ಲೆಕ್ಕ, ಅಡುಗೆಮನೆಯ ಲೆಕ್ಕವಲ್ಲ.

ಊರ್ಜಿತ ಪಟೇಲರ ಅಧ್ಯಕ್ಷತೆಯ ಸಮಿತಿಯು ೨೦೧೪ರ ಜನವರಿಯಲ್ಲಿ ಗ್ರಾಹಕ ಬೆಲೆ ಸೂಚ್ಯಂಕವನ್ನೇ ಬಡ್ಡಿಯ ನಿರ್ಣಯಕ್ಕೆ ಆಧಾರವಾಗಿ ಸ್ವೀಕರಿಸಬೇಕೆಂದು ಸೂಚಿಸಿತು. ೨೦೧೫ರ ಫೆಬ್ರವರಿಯಲ್ಲಿ ಸರ್ಕಾರಕ್ಕೂ ಬ್ಯಾಂಕಿಗೂ ಒಪ್ಪಂದವಾಯಿತು. ೨೦೧೬ರಲ್ಲಿ ರಿಸರ್ವ್ ಬ್ಯಾಂಕ್ ಕಾಯಿದೆಗೆ ತಿದ್ದುಪಡಿ ಬಂದಿತು. ಅದರಂತೆ ಗುರಿಯನ್ನು ಗೊತ್ತುಮಾಡುವುದು ಬ್ಯಾಂಕಿನೊಡನೆ ಸಮಾಲೋಚಿಸಿ ಸರ್ಕಾರ. ಗುರಿಯನ್ನು ಮುಟ್ಟಲು ಬೇಕಾದ ಬಡ್ಡಿಯನ್ನು ಗೊತ್ತುಮಾಡುವುದು ಸಮಿತಿ. ಮೂವರು ಬ್ಯಾಂಕಿನ ಕಡೆಯವರು, ಮೂವರು ಸರ್ಕಾರ ನೇಮಿಸಿದ ಹೊರಗಿನವರು; ಮತಗಳು ಸಮವಾದರೆ ಗವರ್ನರಿಗೆ ನಿರ್ಣಾಯಕ ಮತ. ಬೆಲೆಯೇರಿಕೆಯ ಗುರಿ ಶೇಕಡಾ ೪. ಮೇಲಿನ ಎಲ್ಲೆ ೬, ಕೆಳಗಿನ ಎಲ್ಲೆ ೨. ೨೦೨೧ರಲ್ಲಿ ಈ ಗುರಿಯನ್ನೇ ಮತ್ತೆ ಐದು ವರ್ಷಕ್ಕೆ ಮುಂದುವರಿಸಲಾಯಿತು. ಸತತ ಮೂರು ತ್ರೈಮಾಸಿಕಗಳಲ್ಲಿ ಸರಾಸರಿ ಏರಿಕೆಯು ಈ ಎಲ್ಲೆಗಳ ಹೊರಗಿದ್ದರೆ ಬ್ಯಾಂಕು ಗುರಿ ತಪ್ಪಿತೆಂದು ಲೆಕ್ಕ. ಆಗ ಅದು ಕಾರಣವನ್ನೂ ಪರಿಹಾರವನ್ನೂ ಕಾಲಾವಧಿಯನ್ನೂ ಸರ್ಕಾರಕ್ಕೆ ಬರೆದು ತಿಳಿಸಬೇಕು. ಹೀಗೆ, ಒಂದು ಸೂಚ್ಯಂಕವು ಅರ್ಥಶಾಸ್ತ್ರದ ಪುಟದಿಂದ ಕಾಯಿದೆಯ ಪುಟಕ್ಕೆ ಏರಿತು.

೩. ಸೂಚ್ಯಂಕದ ಒಡಲು

ಗ್ರಾಮ, ನಗರಗಳೆರಡನ್ನೂ ಒಳಗೊಂಡ ಗ್ರಾಹಕ ಬೆಲೆ ಸೂಚ್ಯಂಕವು ಹುಟ್ಟಿದುದೇ ೨೦೧೧ರಲ್ಲಿ. ಇಲ್ಲಿ ಚರ್ಚಿಸುವ ನಿರ್ಣಯಗಳೆಲ್ಲ ೨೦೧೨ನ್ನು ಮೂಲವರ್ಷವಾಗಿಟ್ಟುಕೊಂಡ ಮಾಲಿಕೆಯ ಮೇಲೆ ನಿಂತವು. ಅದಕ್ಕಾಗಿ ೧,೧೧೪ ನಗರ ಪೇಟೆಗಳಿಂದಲೂ ೧,೧೮೧ ಹಳ್ಳಿಗಳಿಂದಲೂ ಬೆಲೆಗಳನ್ನು ಸಂಗ್ರಹಿಸಲಾಗುತ್ತಿತ್ತು. ಗೊತ್ತಾದ ಅಂಗಡಿಗೆ ಹೋಗಿ ಗೊತ್ತಾದ ಪದಾರ್ಥದ ಬೆಲೆಯನ್ನು ಕೇಳಿ ಬರೆದುಕೊಳ್ಳುವ ಸಿಬ್ಬಂದಿಯ ದುಡಿಮೆಯೇ ಇದರ ತಳಹದಿ.

ಎಲ್ಲ ಪದಾರ್ಥಗಳಿಗೂ ಒಂದೇ ಮಾನ್ಯತೆಯಿಲ್ಲ. ಸಂಸಾರದ ವೆಚ್ಚದಲ್ಲಿ ಯಾವುದಕ್ಕೆ ಎಷ್ಟು ಪಾಲೋ ಸೂಚ್ಯಂಕದಲ್ಲಿ ಅದಕ್ಕೆ ಅಷ್ಟು ತೂಕ. ಈ ಮಾಲಿಕೆಯಲ್ಲಿ ಆಹಾರ ಪಾನೀಯಗಳಿಗೆ ನೂರರಲ್ಲಿ ೪೫.೮೬, ಮನೆಬಾಡಿಗೆಗೆ ೧೦.೦೭, ಇಂಧನ ದೀಪಗಳಿಗೆ ೬.೮೪, ಉಡುಪು ಪಾದರಕ್ಷೆಗಳಿಗೆ ೬.೫೩ ತೂಕ. ತೂಕಗಳ ಮೂಲ ೨೦೧೧-೧೨ರ ಕುಟುಂಬ ವೆಚ್ಚದ ಸಮೀಕ್ಷೆ. ಮುಂದೆ ೨೦೨೩-೨೪ರ ಸಮೀಕ್ಷೆ ನಡೆದಾಗ, ಆಹಾರದ ಪಾಲು ಹಳ್ಳಿಗಳಲ್ಲಿ ಶೇಕಡಾ ೪೭ರಷ್ಟು, ನಗರಗಳಲ್ಲಿ ೪೦ಕ್ಕೆ ತುಸು ಕಡಿಮೆ ಎಂದು ತಿಳಿದುಬಂದಿತು. ಜನರ ಊಟ ಉಡುಪುಗಳ ರೀತಿ ಬದಲಾದರೂ ತೂಕಗಳು ಬಹುಕಾಲ ಹಳೆಯವಾಗಿಯೇ ಉಳಿಯುವುದು ಎಲ್ಲ ಸೂಚ್ಯಂಕಗಳ ಸಹಜ ದೋಷ.

ತೂಕದ ಮಹಿಮೆಯನ್ನು ೨೦೨೩ರ ಜುಲೈ ತಿಂಗಳಲ್ಲಿ ಇಡೀ ದೇಶವೇ ಕಂಡಿತು. ಟೊಮ್ಯಾಟೊ ಕೊರತೆಯಾಗಿ, ದೆಹಲಿಯಂಥ ನಗರಗಳಲ್ಲಿ ಮಾರಲು ಕೇಂದ್ರ ಸರ್ಕಾರವು ಸಹಕಾರಿ ಸಂಸ್ಥೆಗಳ ಮೂಲಕ ಆಂಧ್ರ, ಕರ್ನಾಟಕ, ಮಹಾರಾಷ್ಟ್ರಗಳಿಂದ ಹಣ್ಣನ್ನು ಕೊಳ್ಳಬೇಕಾಯಿತು. ಕೋಲಾರದ ಮಾರುಕಟ್ಟೆಯ ಧಾರಣೆ ಅಖಿಲ ಭಾರತದ ಸುದ್ದಿಯಾಯಿತು. ಆ ತಿಂಗಳು ತರಕಾರಿಗಳ ಬೆಲೆ ಹಿಂದಿನ ಜುಲೈಗಿಂತ ಶೇಕಡಾ ೩೭ಕ್ಕೂ ಹೆಚ್ಚಾಗಿತ್ತು. ತರಕಾರಿಯ ತೂಕ ನೂರರಲ್ಲಿ ಕೇವಲ ೬. ಆದರೂ ಆರರ ಮೇಲೆ ಮೂವತ್ತೇಳರ ಏರಿಕೆಯೆಂದರೆ ಒಟ್ಟು ಸೂಚ್ಯಂಕಕ್ಕೆ ಎರಡು ಅಂಶಕ್ಕೂ ಮೀರಿದ ಕೊಡುಗೆ. ಒಟ್ಟು ಬೆಲೆಯೇರಿಕೆ ೭.೪೪ಕ್ಕೆ ನೆಗೆಯಿತು. ಆಗಸ್ಟಿನಲ್ಲಿ ಸಭೆ ಸೇರಿದ ಸಮಿತಿಯು ತರಕಾರಿಯ ಈ ನೆಗೆತವನ್ನು ತಿಳಿದೂ ದರವನ್ನು ೬.೫೦ರಿಂದ ಕದಲಿಸಲಿಲ್ಲ. ಹೊಸ ಬೆಳೆ ಬಂದೊಡನೆ ತರಕಾರಿ ಇಳಿಯುವುದೆಂಬುದು ಅದರ ಲೆಕ್ಕ. ಸೆಪ್ಟೆಂಬರಿನಲ್ಲಿ ಏರಿಕೆ ೫.೦೨ಕ್ಕೆ ಇಳಿಯಿತು, ಲೆಕ್ಕ ಸರಿಯಾಯಿತು.

ಇದೇ ಜುಲೈ ಮತ್ತೊಂದು ಪಾಠವನ್ನೂ ಕಲಿಸುತ್ತದೆ. ೨೦೨೪ರ ಜುಲೈಯಲ್ಲಿ ಬೆಲೆಯೇರಿಕೆ ಶೇಕಡಾ ೩.೬ ಮಾತ್ರ ಎಂದು ಪ್ರಕಟವಾದಾಗ, ಬೆಲೆಗಳು ಇಳಿದುವೆಂದು ಹಲವರು ಭಾವಿಸಿದರು. ಇಳಿದುದು ಏರಿಕೆಯ ವೇಗವೇ ಹೊರತು ಬೆಲೆಯಲ್ಲ. ೨೦೨೨ರ ಜುಲೈಯಲ್ಲಿ ನೂರು ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ೨೦೨೩ರ ಜುಲೈಯಲ್ಲಿ ೧೦೭ ರೂಪಾಯಿ ೪೪ ಪೈಸೆ. ಅದರ ಮೇಲೆ ೩.೬ ಸೇರಿಸಿದರೆ ೨೦೨೪ರಲ್ಲಿ ಸುಮಾರು ೧೧೧ ರೂಪಾಯಿ ೩೦ ಪೈಸೆ. ಹೋಲಿಕೆಗೆ ತೆಗೆದುಕೊಂಡ ಹಿಂದಿನ ಜುಲೈಯೇ ಎತ್ತರದಲ್ಲಿದ್ದುದರಿಂದ ಈ ಜುಲೈ ತಗ್ಗಾಗಿ ಕಂಡಿತು. ಇದನ್ನು ಮೂಲಪರಿಣಾಮವೆನ್ನಬಹುದು. ಸಂತೆಗೆ ಹೋಗುವ ಗೃಹಿಣಿಗೂ ವರದಿಯ ಅಂಕಿಗೂ ಆಗಾಗ ವಿರಸ ಹುಟ್ಟುವುದಕ್ಕೆ ಮುಖ್ಯ ಕಾರಣ ಇದೇ. ಗೃಹಿಣಿ ಬೆಲೆಯನ್ನು ನೋಡುತ್ತಾಳೆ. ವರದಿ ವೇಗವನ್ನು ನೋಡುತ್ತದೆ. ಇಬ್ಬರ ಮಾತೂ ನಿಜ.

೪. ನಿನ್ನೆಯ ಅಂಕಿ, ನಾಳೆಯ ನಿರ್ಣಯ

ಬಡ್ಡಿಯ ಬದಲಾವಣೆಯು ಬೆಲೆಗಳನ್ನು ಕೂಡಲೇ ಮುಟ್ಟುವುದಿಲ್ಲ. ರೆಪೋ ದರವು ಮೊದಲು ಬ್ಯಾಂಕುಗಳ ನಡುವಣ ಸಾಲಕ್ಕೆ, ಅಲ್ಲಿಂದ ಸಾಲ ಠೇವಣಿಗಳ ಬಡ್ಡಿಗೆ, ಅಲ್ಲಿಂದ ಜನರ ಖರೀದಿಗೂ ಉದ್ಯಮಗಳ ಹೂಡಿಕೆಗೂ, ಕೊನೆಗೆ ಬೆಲೆಗಳಿಗೂ ಹರಿಯುವಷ್ಟರಲ್ಲಿ ಹಲವು ತ್ರೈಮಾಸಿಕಗಳು ಕಳೆದಿರುತ್ತವೆ. ಇತ್ತ ಸಮಿತಿಯ ಕೈಯಲ್ಲಿರುವುದು ಕಳೆದ ತಿಂಗಳ ಬೆಲೆ. ರಾಷ್ಟ್ರೀಯ ಉತ್ಪನ್ನದ ಅಂಕಿಯಂತೂ ತ್ರೈಮಾಸಿಕವು ಮುಗಿದು ಎರಡು ತಿಂಗಳಾದ ಮೇಲೆ ಬರುತ್ತದೆ. ಬಂದ ಮೇಲೂ ತಿದ್ದುಪಡಿಗೆ ಒಳಗಾಗುತ್ತದೆ. ನಿನ್ನೆಯ ಅಂಕಿಯಿಂದ ನಾಳೆಯ ಬೆಲೆಯನ್ನು ಊಹಿಸಿ ಇಂದು ನಿರ್ಣಯಿಸಬೇಕಾದ ಈ ಇಕ್ಕಟ್ಟೇ ಕೇಂದ್ರ ಬ್ಯಾಂಕುಗಳ ಕೆಲಸದ ನಿಜವಾದ ಕಷ್ಟ.

ಅಂತರವನ್ನು ತುಂಬಲು ಬೇರೆ ಸಾಮಗ್ರಿಯನ್ನು ಕೂಡಿಸುತ್ತಾರೆ. ಆಹಾರ ಇಂಧನಗಳನ್ನು ಬಿಟ್ಟು ಉಳಿದ ಬೆಲೆಗಳ ಏರಿಕೆಯನ್ನು ಪ್ರತ್ಯೇಕವಾಗಿ ಲೆಕ್ಕ ಮಾಡಿ, ಏರಿಕೆಯು ಎಷ್ಟು ಆಳಕ್ಕೆ ಬೇರುಬಿಟ್ಟಿದೆಯೆಂದು ನೋಡುತ್ತಾರೆ. ಮಳೆಯ ಪ್ರಮಾಣ, ಬಿತ್ತನೆ, ಜಲಾಶಯಗಳ ಮಟ್ಟ, ಕಚ್ಚಾ ತೈಲದ ಬೆಲೆ, ಬ್ಯಾಂಕುಗಳ ಸಾಲದ ಬೆಳವಣಿಗೆ ಇವೆಲ್ಲ ಪರಿಶೀಲನೆಗೆ ಬರುತ್ತವೆ. ಕಾರ್ಖಾನೆಗಳು ತಮ್ಮ ಸಾಮರ್ಥ್ಯದಲ್ಲಿ ಎಷ್ಟನ್ನು ಬಳಸುತ್ತಿವೆಯೆಂಬುದನ್ನು ಬ್ಯಾಂಕೇ ಸಮೀಕ್ಷೆಯಿಂದ ತಿಳಿಯುತ್ತದೆ. ಮುಂದಿನ ಮೂರು ತಿಂಗಳಲ್ಲಿ, ಒಂದು ವರ್ಷದಲ್ಲಿ ಬೆಲೆಗಳು ಎಷ್ಟು ಏರಬಹುದೆಂದು ಬೆಂಗಳೂರೂ ಸೇರಿದಂತೆ ಹಲವು ನಗರಗಳ ಗೃಹಸ್ಥರನ್ನು ಕೇಳುವ ಸಮೀಕ್ಷೆಯೂ ಉಂಟು. ಜನರ ನಿರೀಕ್ಷೆಯು ವಾಸ್ತವಕ್ಕಿಂತ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಆದರೂ ಅದನ್ನು ಅಲಕ್ಷಿಸುವಂತಿಲ್ಲ. ಬೆಲೆ ಏರುವುದೆಂದು ನಂಬಿದವನು ಕೂಲಿಯನ್ನೂ ಬಾಡಿಗೆಯನ್ನೂ ಈಗಲೇ ಏರಿಸಲು ಕೇಳುವುದರಿಂದ ನಂಬಿಕೆಯೇ ಏರಿಕೆಗೆ ಕಾರಣವಾಗಬಲ್ಲದು.

ಇಷ್ಟೆಲ್ಲ ಸಾಮಗ್ರಿಯಿದ್ದೂ ಊಹೆ ತಪ್ಪುವುದುಂಟು. ೨೦೨೨ರ ಫೆಬ್ರವರಿಯ ಮೊದಲ ಭಾಗದಲ್ಲಿ ರಿಸರ್ವ್ ಬ್ಯಾಂಕು ೨೦೨೨-೨೩ರ ಸರಾಸರಿ ಬೆಲೆಯೇರಿಕೆಯನ್ನು ಶೇಕಡಾ ೪.೫ ಎಂದು ಅಂದಾಜಿಸಿತು. ಅದೇ ತಿಂಗಳ ೨೪ರಂದು ಉಕ್ರೇನಿನ ಮೇಲೆ ರಷ್ಯದ ದಂಡಯಾತ್ರೆ ಆರಂಭವಾಯಿತು. ತೈಲ, ಗೋಧಿ, ಸೂರ್ಯಕಾಂತಿ ಎಣ್ಣೆಗಳ ಬೆಲೆ ಸಿಡಿಯಿತು. ಅಂದಾಜು ಏಪ್ರಿಲಿನಲ್ಲಿ ೫.೭, ಜೂನಿನಲ್ಲಿ ೬.೭ ಆಯಿತು. ಏಪ್ರಿಲಿನ ಏರಿಕೆ ೭.೭೯. ಸಮಿತಿಯು ನಿಯಮಿತ ಸಭೆಗೆ ಕಾಯದೆ ಮೇ ೪ರಂದೇ ದರವನ್ನು ೪.೪೦ಕ್ಕೆ ಏರಿಸಿತು. ಆ ವರ್ಷದ ಮೊದಲ ಮೂರು ತ್ರೈಮಾಸಿಕಗಳಲ್ಲೂ ಸರಾಸರಿಯು ೬ನ್ನು ಮೀರಿದುದರಿಂದ, ಕಾಯಿದೆಯಂತೆ ಗುರಿ ತಪ್ಪಿತು. ನವೆಂಬರ್ ೩ರಂದು ವಿಶೇಷ ಸಭೆ ಸೇರಿ ಸರ್ಕಾರಕ್ಕೆ ವಿವರಣೆಯ ಪತ್ರವನ್ನು ಸಿದ್ಧಪಡಿಸಬೇಕಾಯಿತು. ಈ ಕ್ರಮ ಜಾರಿಗೆ ಬಂದ ಮೇಲೆ ಅಂಥ ಪ್ರಸಂಗ ಅದೇ ಮೊದಲು.

ಇದಕ್ಕಿಂತ ವಿಚಿತ್ರವಾದುದು ೨೦೨೦ರ ಪ್ರಸಂಗ. ಮಹಾಮಾರಿಯ ದಿಗ್ಬಂಧನದಲ್ಲಿ ಅಂಗಡಿಗಳು ಮುಚ್ಚಿ, ಬೆಲೆ ಕೇಳುವವರು ಮನೆಯಿಂದ ಹೊರಡಲಾಗದೆ, ಏಪ್ರಿಲ್ ಮೇ ತಿಂಗಳುಗಳ ಒಟ್ಟು ಬೆಲೆಯೇರಿಕೆಯ ಅಂಕಿಯೇ ಎಂದಿನಂತೆ ಪ್ರಕಟವಾಗಲಿಲ್ಲ. ಮುಂದೆ ಸಾಂಖ್ಯಿಕ ಕಚೇರಿಯು ಆ ಎರಡು ತಿಂಗಳಿಗೆ ಅಂದಾಜಿನಿಂದ ತುಂಬಿದ ಸೂಚ್ಯಂಕವನ್ನು ಕೊಟ್ಟಿತು. ಸಮಿತಿಯು ಆಗಸ್ಟಿನಲ್ಲಿ, ಈ ಅಂಕಿಗಳನ್ನು ಮಾಲಿಕೆಯ ಕಡಿತವೆಂದು ಪರಿಗಣಿಸಬಹುದೆಂದು ಅಭಿಪ್ರಾಯಪಟ್ಟಿತು. ಆ ವರ್ಷ ಬೆಲೆಯೇರಿಕೆಯು ಬಹುಕಾಲ ೬ರ ಮೇಲಿದ್ದುದರಿಂದ, ಈ ಎರಡು ತಿಂಗಳನ್ನು ಎಣಿಸಬೇಕೇ ಬಿಡಬೇಕೇ ಎಂಬುದರ ಮೇಲೆಯೇ ಬ್ಯಾಂಕು ಗುರಿ ತಪ್ಪಿತೇ ಇಲ್ಲವೇ ಎಂಬ ಶಾಸನದ ಪ್ರಶ್ನೆ ನಿಂತಿತ್ತು. ಅಂಗಡಿಯ ಬಾಗಿಲಲ್ಲಿ ಬೆಲೆ ಬರೆದುಕೊಳ್ಳುವ ನೌಕರನು ಎರಡು ತಿಂಗಳು ಬರದಿದ್ದರೆ ರಾಷ್ಟ್ರದ ಹಣಕಾಸಿನ ನೀತಿಯೇ ಕತ್ತಲಲ್ಲಿ ಕೈಯಾಡಿಸಬೇಕಾಗುತ್ತದೆಂಬುದು ಇದರಿಂದ ಸಿದ್ಧವಾಯಿತು.

ಅಂಕಿ ಒಂದೇ ಆದರೂ ಅರ್ಥ ಒಂದೇ ಆಗಬೇಕಿಲ್ಲ. ೨೦೨೪ರ ಜೂನ್ ಮತ್ತು ಆಗಸ್ಟ್ ಸಭೆಗಳಲ್ಲಿ ನಾಲ್ವರು ದರವನ್ನು ೬.೫೦ರಲ್ಲಿಯೇ ಇಡಬೇಕೆಂದರು, ಹೊರಗಿನ ಸದಸ್ಯರಾದ ಆಶಿಮಾ ಗೋಯಲ್ ಮತ್ತು ಜಯಂತ್ ವರ್ಮಾ ಅವರು ಕಾಲು ಅಂಶ ಇಳಿಸಬೇಕೆಂದು ಮತವಿತ್ತರು. ಎಲ್ಲರ ಮುಂದೆ ಇದ್ದುದು ಒಂದೇ ಕಡತ. ಆಹಾರದ ಏರಿಕೆ ಹರಡೀತೆಂಬ ಭಯ ಬಹುಮತದ್ದು. ಬಡ್ಡಿಯ ಭಾರದಿಂದ ಬೆಳವಣಿಗೆ ಕುಂದೀತೆಂಬ ಭಯ ಅಲ್ಪಮತದ್ದು. ದರ ಇಳಿಯತೊಡಗಿದುದು ೨೦೨೫ರ ಫೆಬ್ರವರಿಯಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ಬೆಲೆಯೇರಿಕೆ ಶೇಕಡಾ ೦.೨೫ಕ್ಕೆ ಕುಸಿದು, ಡಿಸೆಂಬರಿನಲ್ಲಿ ದರ ೫.೨೫ಕ್ಕೆ ಬಂದಿತು. ಜುಲೈಯಿಂದ ಸೆಪ್ಟೆಂಬರಿನವರೆಗಿನ ಉತ್ಪನ್ನದ ಬೆಳವಣಿಗೆ ೮.೨ ಎಂಬ ಅಂಕಿ ಆಗತಾನೇ ಬಂದಿತ್ತು. ಬೆಳವಣಿಗೆ ಅಷ್ಟಿರುವಾಗಲೂ ದರ ಇಳಿದುದು, ಶಾಸನವು ಬೆಲೆಗೆ ಕೊಟ್ಟ ಅಗ್ರಸ್ಥಾನವನ್ನು ತೋರಿಸುತ್ತದೆ.

೫. ಅನ್ನವನ್ನು ಎಣಿಸಬೇಕೇ?

ಇಲ್ಲಿಗೆ ಮುಖ್ಯವಾದ ವಿವಾದವೊಂದಕ್ಕೆ ಬಂದಂತಾಯಿತು. ೨೦೨೪ರ ಜುಲೈಯಲ್ಲಿ ಮಂಡಿತವಾದ ಕೇಂದ್ರ ಸರ್ಕಾರದ ಆರ್ಥಿಕ ಸಮೀಕ್ಷೆಯು, ಆಹಾರವನ್ನು ಬಿಟ್ಟ ಬೆಲೆಯೇರಿಕೆಯನ್ನೇ ಗುರಿಯಾಗಿಸಬಹುದೇ ಎಂದು ಪರಿಶೀಲಿಸಬೇಕೆಂದು ಸೂಚಿಸಿತು. ವಾದ ಸುಲಭವಾಗಿ ತಳ್ಳಿಹಾಕುವಂಥದಲ್ಲ. ಆಹಾರದ ಬೆಲೆ ಏರುವುದು ಬಹುತೇಕ ಮಳೆ, ಬೆಳೆ, ಸಾಗಣೆಗಳ ಕೊರತೆಯಿಂದ. ರೆಪೋ ದರವನ್ನು ಏರಿಸಿದರೆ ಮಳೆ ಬರುವುದಿಲ್ಲ, ಈರುಳ್ಳಿ ಬೆಳೆಯುವುದಿಲ್ಲ. ತರಕಾರಿಯ ತಪ್ಪಿಗೆ ನೇಕಾರನ ಸಾಲದ ಮೇಲೆ ದಂಡ ಹಾಕಿದಂತಾಗುತ್ತದೆ. ಬಡವರ ಕಷ್ಟಕ್ಕೆ ನೇರವಾದ ಸಹಾಯಧನವೇ ಸರಿಯಾದ ಮದ್ದೆಂಬುದು ಆ ಪಕ್ಷದ ನಿಲುವು.

ಪ್ರತಿಪಕ್ಷದ ಉತ್ತರವೂ ಬಲವಾದುದೇ. ಮರುತಿಂಗಳಿನ ನೀತಿಪ್ರಕಟಣೆಯಲ್ಲಿ ಅಂದಿನ ಗವರ್ನರ್ ಶಕ್ತಿಕಾಂತ ದಾಸ್ ಅವರು ಆಹಾರದ ಏರಿಕೆಯನ್ನು ಅಲಕ್ಷಿಸಲಾಗದೆಂದು ಸ್ಪಷ್ಟಪಡಿಸಿದರು. ಜನರು ಬೆಲೆಯನ್ನು ಅರಿಯುವುದೇ ಅಡುಗೆಮನೆಯಿಂದ. ಒಂದು ತಿಂಗಳ ಟೊಮ್ಯಾಟೊ ಏರಿಕೆಯನ್ನು ನೋಡಿಯೂ ಸುಮ್ಮನಿರಬಹುದು. ಬೇಳೆ, ಅಕ್ಕಿ, ಎಣ್ಣೆಗಳ ಏರಿಕೆ ವರ್ಷವಿಡೀ ನಿಂತರೆ ಅದು ಕೂಲಿಗೂ, ಕೂಲಿಯಿಂದ ಎಲ್ಲ ಸೇವೆಗಳಿಗೂ ಹರಡುತ್ತದೆ. ವೆಚ್ಚದಲ್ಲಿ ಅರ್ಧದಷ್ಟನ್ನು ಊಟಕ್ಕೇ ಕೊಡುವವರ ದೇಶದಲ್ಲಿ ಊಟವನ್ನು ಬಿಟ್ಟು ಬೆಲೆಯನ್ನು ಅಳೆದರೆ, ಆ ಅಳತೆಯು ಉಳ್ಳವರ ಅಳತೆಯಾಗುವುದು. ೨೦೧೩ರಲ್ಲಿ ಸಗಟು ಸೂಚ್ಯಂಕದ ಮೇಲೆ ಬಂದ ಆಕ್ಷೇಪವೇ ಬೇರೆ ವೇಷದಲ್ಲಿ ಇದರ ಮೇಲೂ ಬಂದೀತು.

ಎರಡನ್ನೂ ತೂಗಿ ನೋಡಿದರೆ, ಅಳತೆಯಲ್ಲಿ ಆಹಾರವನ್ನು ಉಳಿಸಿಕೊಂಡು, ನಿರ್ಣಯದಲ್ಲಿ ಕ್ಷಣಿಕ ಏರಿಕೆಯನ್ನೂ ಬೇರೂರಿದ ಏರಿಕೆಯನ್ನೂ ವಿಂಗಡಿಸುವುದೇ ಯುಕ್ತವೆನಿಸುತ್ತದೆ. ೨೦೨೩ರ ಆಗಸ್ಟಿನಲ್ಲಿ ಸಮಿತಿ ನಡೆದುಕೊಂಡುದು ಹಾಗೆಯೇ. ಗುರಿಗೆ ಮೇಲೆ ಎರಡು, ಕೆಳಗೆ ಎರಡು ಅಂಶಗಳ ಅವಕಾಶವನ್ನು ಬಿಟ್ಟಿರುವುದೂ ಇಂಥ ಆಘಾತಗಳನ್ನು ತಾಳಿಕೊಳ್ಳುವುದಕ್ಕಾಗಿಯೇ. ಆದರೆ ವಿಂಗಡಿಸುವ ಕೆಲಸವನ್ನು ಯಾವ ಸೂತ್ರವೂ ಮಾಡಿಕೊಡಲಾರದು. ಅದು ವಿವೇಕದ ಕೆಲಸ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು, ಅಂಕಿಯು ನಿರ್ಣಯವನ್ನು ಹುಟ್ಟಿಸುವುದಿಲ್ಲ. ನಿರ್ಣಯಕ್ಕೆ ಎಲ್ಲೆಯನ್ನು ಹಾಕುತ್ತದೆ. ಎರಡನೆಯದು, ಯಾವ ಅಂಕಿಯನ್ನು ಆರಿಸಿಕೊಳ್ಳುವೆವೆಂಬುದರಲ್ಲಿಯೇ ಯಾರ ಬದುಕನ್ನು ಲೆಕ್ಕಕ್ಕೆ ತೆಗೆದುಕೊಳ್ಳುವೆವೆಂಬ ಪ್ರಶ್ನೆ ಅಡಗಿದೆ. ಮೂರನೆಯದು, ತೂಕಗಳು ಹಳೆಯವಾದರೆ, ಬೆಲೆ ಬರೆಯುವವರ ಕೆಲಸ ಸಡಿಲವಾದರೆ, ಎಷ್ಟು ಮೇಧಾವಿಗಳ ಸಮಿತಿಯಾದರೂ ಸರಿಯಾದ ಬಡ್ಡಿಯನ್ನು ಗೊತ್ತುಮಾಡಲಾರದು.

ರಾಮರಾಯರ ಕಾಲದಲ್ಲಿ ಬ್ಯಾಂಕಿಗೂ ಮಂತ್ರಿಗೂ ನಡೆದ ವಾದವು ಅಧಿಕಾರಿಗಳ ಪತ್ರಗಳಲ್ಲಿ ಉಳಿಯಿತು. ೨೦೧೬ರಲ್ಲಿ ಬಂದ ಕ್ರಮದಂತೆ ಪ್ರತಿಯೊಬ್ಬ ಸದಸ್ಯನ ಮತವೂ ಅದರ ಕಾರಣವೂ ಸಭೆಯ ಹದಿನಾಲ್ಕನೆಯ ದಿನ ಪ್ರಕಟವಾಗಬೇಕು. ಯಾವ ಅಂಕಿಯನ್ನು ಯಾರು ಹೇಗೆ ಓದಿದರೆಂಬುದು ಅಲ್ಲಿ ತೆರೆದಿಟ್ಟ ಪುಸ್ತಕ. ಸಾಲ ತೀರಿಸುವವರೂ ಠೇವಣಿ ಇಟ್ಟವರೂ ಅದನ್ನು ಓದಿ, ತಮ್ಮ ಸಂತೆಯ ಚೀಟಿಯೊಡನೆ ತಾಳೆ ನೋಡಲು ತೊಡಗಿದರೆ, ಬಡ್ಡಿಯ ನಿರ್ಣಯವು ತಜ್ಞರ ಗುಟ್ಟಾಗಿ ಉಳಿಯದೆ ನಾಗರಿಕರ ವಿಚಾರದ ವಿಷಯವಾಗುವುದು.